ಆರು ಗಂಟೆಗಳ ಪುರುಷವೇಷ: ಮಾರ್ಕ್‌ಯೇಟಿನ ಕ್ರಿಸ್ಟಿನಾಳ ಚರಿತೆಯನ್ನು ಕುರಿತು

ಒಲ್ಲದ ಮದುವೆಯಿಂದ ಪಾರಾಗಲು ವೇಷ ಮರೆಸಿಕೊಂಡು ಮನೆಬಿಟ್ಟು ಹೋದವರ ಕಥೆಗಳು ಲೋಕದ ಸಾಹಿತ್ಯದಲ್ಲಿ ವಿಪುಲವಾಗಿವೆ. ಭವಭೂತಿಯ 'ಮಾಲತೀಮಾಧವ'ದಲ್ಲಿ ರಾಜನ ಇಚ್ಛೆಯಂತೆ ನಂದನನಿಗೆ ಮಾಲತಿಯನ್ನು ಕೊಡಬೇಕಾಗಿ ಬಂದಾಗ ಮಕರಂದನು ಮಾಲತಿಯ ಉಡುಗೆಯಲ್ಲಿ ವಧುವಾಗಿ ಹೋಗುವ ಪ್ರಸಂಗ ನಮ್ಮ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದೇ. ಇಂಥ ಕಥೆಗಳಲ್ಲಿ ವೇಷವೆಂಬುದು ಕವಿಗೆ ಬಹಳ ಅನುಕೂಲವಾದ ಉಪಕರಣ. ನಗೆಯೂ ಅದರಿಂದಲೇ, ಗಾಬರಿಯೂ ಅದರಿಂದಲೇ, ಕಡೆಗೆ ಗುರುತು ಹತ್ತುವ ಸುಖವೂ ಅದರಿಂದಲೇ. ಆದರೆ ವೇಷ ತೊಟ್ಟವಳು ನಿಜವಾಗಿ ಬದುಕಿದ್ದ ಒಬ್ಬ ಹೆಂಗಸಾಗಿದ್ದು, ಬರೆದವನು ಆಕೆಯನ್ನು ಕಣ್ಣಾರೆ ಕಂಡಿದ್ದವನಾದರೆ ಈ ಉಪಕರಣಕ್ಕೆ ಏನಾಗುತ್ತದೆ? ಈ ಪ್ರಶ್ನೆಯನ್ನು ಕೇಳಿಕೊಳ್ಳುವುದಕ್ಕೆ 12ನೆಯ ಶತಮಾನದ ಇಂಗ್ಲೆಂಡಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಹುಟ್ಟಿದ ಕ್ರಿಸ್ಟಿನಾಳ ಚರಿತೆಗಿಂತ ಒಳ್ಳೆಯ ಗ್ರಂಥ ಸಿಕ್ಕುವುದು ಕಷ್ಟ.

ಗ್ರಂಥದ ಸ್ಥಿತಿಯನ್ನು ಮೊದಲು ಹೇಳಿಬಿಡಬೇಕು. ಇದರ ಕರ್ತೃ ಸೇಂಟ್ ಆಲ್ಬನ್ಸ್ ಮಠದ ಒಬ್ಬ ಸಂನ್ಯಾಸಿ, ಹೆಸರು ತಿಳಿಯದು. ಕ್ರಿಸ್ಟಿನಾಳ ಬಾಯಿಂದಲೇ ಎಷ್ಟೋ ಸಂಗತಿಗಳನ್ನು ಕೇಳಿದವನೆಂಬುದು ಬರೆವಣಿಗೆಯಿಂದಲೇ ಗೊತ್ತಾಗುತ್ತದೆ. ಉಳಿದಿರುವುದು 14ನೆಯ ಶತಮಾನದ ಒಂದೇ ಹಸ್ತಪ್ರತಿ. 1731ರಲ್ಲಿ ಕಾಟನ್ ಗ್ರಂಥಭಂಡಾರಕ್ಕೆ ಬಿದ್ದ ಬೆಂಕಿಯಲ್ಲಿ ಅದು ಸುಟ್ಟು ಸುಕ್ಕುಗಟ್ಟಿತು. 1959ರಲ್ಲಿ ಸಿ. ಎಚ್. ಟಾಲ್ಬಟ್ ಅವರು ಅದನ್ನು ಓದಿ, ಇಂಗ್ಲಿಷ್ ಅನುವಾದದೊಡನೆ ಸಂಪಾದಿಸಿದ ಮೇಲೆಯೇ ವಿದ್ವತ್ಪ್ರಪಂಚದಲ್ಲಿ ಈ ಚರಿತೆಗೆ ತಕ್ಕ ಸ್ಥಾನ ದೊರೆಯಿತು. ಕಡೆಯ ಭಾಗ ಇಲ್ಲ. ಕಥೆ ನಡುವೆಯೇ ನಿಂತುಹೋಗುತ್ತದೆ.

ಕಥಾನಾಯಿಕೆ ಹಂಟಿಂಗ್‌ಡನ್ ಪಟ್ಟಣದ ಸಿರಿವಂತ ಆಂಗ್ಲೋ-ಸ್ಯಾಕ್ಸನ್ ಮನೆತನದವಳು. ತಂದೆ ಔಟಿ, ತಾಯಿ ಬಿಯಾಟ್ರಿಕ್ಸ್. ಹುಟ್ಟುಹೆಸರು ಥಿಯೊಡೋರಾ, ಕ್ರಿಸ್ಟಿನಾ ಎಂಬುದು ಆಮೇಲೆ ಬಂದ ಹೆಸರು. ಎಳೆಯ ವಯಸ್ಸಿನಲ್ಲಿ ತಂದೆತಾಯಿಗಳೊಡನೆ ಸೇಂಟ್ ಆಲ್ಬನ್ಸ್ ಮಠಕ್ಕೆ ಹೋಗಿದ್ದಾಗ ಮಠದ ಬಾಗಿಲ ಮೇಲೆ ಉಗುರಿನಿಂದ ಶಿಲುಬೆಯ ಗುರುತನ್ನು ಗೀಚಿ, ಕನ್ನೆಯಾಗಿಯೇ ಉಳಿಯುವೆನೆಂದು ಮನಸ್ಸಿನಲ್ಲಿ ವ್ರತ ತೊಟ್ಟಳು. ಡರ್ಹಮಿನ ಬಿಷಪ್ಪನಾಗಿದ್ದ ರಾಲ್ಫ್ ಫ್ಲಾಂಬಾರ್ಡ್ ಈಕೆಯ ಸೋದರತ್ತೆಯೋ ಚಿಕ್ಕಮ್ಮನೋ ಆಗಬೇಕಾದ ಆಲ್ವೆವಾ ಎಂಬವಳನ್ನು ಹಿಂದೆ ಇಟ್ಟುಕೊಂಡಿದ್ದವನು. ಲಂಡನ್ನಿನ ದಾರಿಯಲ್ಲಿ ಹಂಟಿಂಗ್‌ಡನ್ನಿನಲ್ಲಿ ಇಳಿದುಕೊಂಡಾಗ ಈ ಹುಡುಗಿಯ ಮೇಲೆ ಕಣ್ಣು ಹಾಕಿ, ಕೋಣೆಯಲ್ಲಿ ಒಂಟಿಯಾಗಿ ಹಿಡಿದುಕೊಂಡನು. ಬಾಗಿಲಿಗೆ ಅಗುಳಿ ಹಾಕಿ ಬರುತ್ತೇನೆಂದು ಆಕೆ ಕೇಳಿದಳು. ಮೋಸಮಾಡುವುದಿಲ್ಲವೆಂದು ಆಣೆ ಇಡಿಸಿಕೊಂಡು ಅವನು ಬಿಟ್ಟನು. ಆಕೆ ಹೊರಕ್ಕೆ ಬಂದು ಹೊರಗಿನಿಂದ ಅಗುಳಿ ಹಾಕಿದಳು. ಕೊಟ್ಟ ಮಾತು ಅಕ್ಷರಶಃ ಉಳಿಯಿತು. ಈ ಅವಮಾನಕ್ಕೆ ಪ್ರತೀಕಾರವಾಗಿ ಬಿಷಪ್ಪನು ಬರ್ತ್‌ರೆಡ್ ಎಂಬ ಕುಲೀನ ತರುಣನನ್ನು ಎತ್ತಿಕಟ್ಟಿ, ಆಕೆಯ ಕೈಬೇಡುವಂತೆ ಮಾಡಿದನು. ತಂದೆತಾಯಿಗಳು ಒಪ್ಪಿದರು. ಕಥೆಯ ಸಂಕಟವೆಲ್ಲ ಇಲ್ಲಿಂದ ಮೊದಲಾಗುತ್ತದೆ.

ಇಲ್ಲಿ ಚರಿತೆಕಾರನ ಎದುರಿಗೆ ಒಂದು ದೊಡ್ಡ ತೊಡಕು ಇತ್ತು. ಕ್ರಿಸ್ಟಿನಾ ಒಮ್ಮೆ ಒಪ್ಪಿಬಿಟ್ಟಿದ್ದಳು. ಒಂದು ವರ್ಷದ ಮುಖಸ್ತುತಿ, ಉಡುಗೊರೆ, ಗದರಿಕೆಗಳ ಅನಂತರ ಒಂದು ದಿನ ಎಲ್ಲರೂ ಚರ್ಚಿನಲ್ಲಿ ಸೇರಿದ್ದಾಗ ಸುತ್ತಲಿಂದಲೂ ಒತ್ತಾಯ ಬಂದು, ಆಕೆ ಬಾಯಿಮಾತಿನಲ್ಲಿ ಹೂಂಗುಟ್ಟಿದಳು. ಅಂದೇ ಬರ್ತ್‌ರೆಡ್ಡನೊಡನೆ ಸಂಬಂಧ ನಿಶ್ಚಯವಾಗಿ ಹೋಯಿತು. ಸಂತಚರಿತೆಯನ್ನು ಬರೆಯುವವನಿಗೆ ಈ ಸಂಗತಿಯನ್ನು ನುಂಗಿಬಿಡುವುದು ಎಷ್ಟು ಸುಲಭವಾಗಿತ್ತು! ಇವನು ನುಂಗಲಿಲ್ಲ. ಅದಕ್ಕೆ ಬದಲು, ಅದು ಹೇಗಾಯಿತೋ ತನಗೆ ಹೇಳಲು ಬಾರದು ಎನ್ನುತ್ತಾನೆ. ದೈವೇಚ್ಛೆಯಿಂದ ಆಕೆ ಸೋತಳೆಂಬುದಷ್ಟೇ ತನಗೆ ಗೊತ್ತು ಎನ್ನುತ್ತಾನೆ. ಇಡೀ ಗ್ರಂಥದಲ್ಲಿ ಲೇಖಕನ ಪ್ರಾಮಾಣಿಕತೆ ಇಷ್ಟು ನಿಚ್ಚಳವಾಗಿ ಕಾಣುವ ಎಡೆ ಇನ್ನೊಂದಿಲ್ಲ. ಮೂರ್ಛೆ, ಮಾಯೆ, ಮದ್ದು ಮುಂತಾದ ಯಾವ ನೆಪವನ್ನೂ ಆತ ಹುಡುಕುವುದಿಲ್ಲ.

ಈ 'ಹೂಂ' ಎಂಬುದಕ್ಕೆ ಆ ಕಾಲದಲ್ಲಿ ಎಂಥ ತೂಕವಿತ್ತೆಂಬುದನ್ನು ಮರೆಯಬಾರದು. ಮದುವೆ ಆಗುವುದು ಯಾವುದರಿಂದ, ಮಾತಿನ ಒಪ್ಪಿಗೆಯಿಂದಲೋ ದೇಹಸಂಬಂಧದಿಂದಲೋ ಎಂಬ ವಿವಾದ ಚರ್ಚಿನ ಧರ್ಮಶಾಸ್ತ್ರಜ್ಞರಲ್ಲಿ 12ನೆಯ ಶತಮಾನದ ಉದ್ದಕ್ಕೂ ನಡೆಯಿತು. ಸುಮಾರು 1140ರಲ್ಲಿ ಸಿದ್ಧವಾದ ಗ್ರೇಷಿಯನ್ನನ ಸಂಗ್ರಹದಲ್ಲಿ ಹೆಣ್ಣನ್ನು ಆಕೆಯ ಇಚ್ಛೆಗೆ ವಿರುದ್ಧವಾಗಿ ಕೊಡಬಾರದೆಂಬ ವಿಧಿ ಸ್ಪಷ್ಟವಾಗಿದೆ. ಆದರೆ ಹೆದರಿಸಿ ಹೊರಡಿಸಿದ ಒಪ್ಪಿಗೆ ಇಚ್ಛೆಯೆನಿಸುವುದೇ? ಕ್ರಿಸ್ಟಿನಾಳ ವ್ಯಾಜ್ಯ ಈ ಸಂದಿಯಲ್ಲೇ ಸಿಕ್ಕಿಕೊಂಡಿತು. ಹಂಟಿಂಗ್‌ಡನ್ ಮಠದ ಮುಖ್ಯ ಫ್ರೆಡೆಬರ್ಟನು ತಂದೆತಾಯಿಗಳ ಆಜ್ಞೆಯನ್ನು ಮೀರಬಾರದು, ಕುಟುಂಬಿನಿಯರಿಗೂ ಮೋಕ್ಷವುಂಟು ಎಂದು ಬೋಧಿಸಿದನು. ಲಿಂಕನ್ನಿನ ಬಿಷಪ್ ರಾಬರ್ಟ್ ಬ್ಲೂಯೆಟ್ ಮೊದಲು ಆಕೆಯ ಪರವಾಗಿ ತೀರ್ಪು ಕೊಟ್ಟು, ಔಟಿಯ ಹಣ ಕೈಸೇರಿದ ಮೇಲೆ ಅದನ್ನು ತಿರುಗಿಸಿದನು. ಧರ್ಮದ ಬಾಗಿಲುಗಳು ಹೀಗೆ ಒಂದೊಂದಾಗಿ ಮುಚ್ಚಿದ ಮೇಲೆಯೇ ಗಂಡುಡುಗೆಯ ಯೋಚನೆ ಬರುತ್ತದೆ. ಈ ಕ್ರಮ ಮುಖ್ಯವಾದುದು. ಪ್ರಣಯಕಥೆಗಳಲ್ಲಿ ವೇಷ ಮೊದಲ ಉಪಾಯ. ಇಲ್ಲಿ ಅದು ಕಟ್ಟಕಡೆಯದು.

ತಂದೆತಾಯಿಗಳನ್ನು ಕೇವಲ ದುಷ್ಟರನ್ನಾಗಿ ಚಿತ್ರಿಸದಿರುವುದು ಈ ಲೇಖಕನ ಇನ್ನೊಂದು ಹೆಚ್ಚಳ. ಕೌರ್ಯವನ್ನೇನೋ ಅವನು ಮುಚ್ಚಿಡುವುದಿಲ್ಲ. ತಾಯಿ ಕೂದಲು ಹಿಡಿದೆಳೆದು ಹೊಡೆದುದನ್ನೂ, ಮಗಳ ಕನ್ಯಾತ್ವ ಕೆಡುವುದಾದರೆ ಕೆಡಿಸುವವನು ಯಾರಾದರೂ ತನಗೆ ಚಿಂತೆಯಿಲ್ಲವೆಂದು ಆಣೆಯಿಟ್ಟುದನ್ನೂ ಹೇಳುತ್ತಾನೆ. ರಾತ್ರಿ ಬರ್ತ್‌ರೆಡ್ಡನನ್ನು ಮಗಳ ಕೋಣೆಗೆ ಹೆತ್ತವರೇ ಬಿಡುತ್ತಾರೆ. ಒಂದು ರಾತ್ರಿ ಆಕೆ ಹಾಸಿಗೆಯ ಮೇಲೆ ಅವನನ್ನು ಕುಳ್ಳಿರಿಸಿಕೊಂಡು ಸಂತ ಸಿಸಿಲಿಯಾ ಮತ್ತು ವಲೇರಿಯನ್ನರ ಬ್ರಹ್ಮಚರ್ಯದ ದಾಂಪತ್ಯವನ್ನು ವಿವರಿಸುತ್ತಾಳೆ. ಇನ್ನೊಂದು ರಾತ್ರಿ ಗೋಡೆಗೂ ತೂಗುಪರದೆಗೂ ನಡುವೆ, ಒಂದು ಮೊಳೆಯನ್ನು ಹಿಡಿದು ತೂಗುತ್ತ ಅವಿತಿರುತ್ತಾಳೆ. ಮೂರನೆಯ ಸಲ ಎತ್ತರದ ಬೇಲಿಯನ್ನು ಹಾರಿ ಪಾರಾಗುತ್ತಾಳೆ. ಇಷ್ಟನ್ನು ಹೇಳಿ, ಅವರು ಹೀಗೇಕೆ ಮಾಡಿದರೆಂದು ಲೇಖಕನು ತಾನೇ ಕೇಳಿಕೊಂಡು ಉತ್ತರ ಕೊಡುತ್ತಾನೆ. ಮಗಳು ಬುದ್ಧಿವಂತೆ, ವ್ಯವಹಾರ ಬಲ್ಲವಳು, ರೂಪವತಿ. ಲೋಕದ ದಾರಿ ಹಿಡಿದಿದ್ದರೆ ತನ್ನವರನ್ನೆಲ್ಲ ಸಿರಿಯಲ್ಲಿ, ಮಾನದಲ್ಲಿ ಮೇಲೆತ್ತಬಲ್ಲವಳು. ಅವಳಂಥ ಮೊಮ್ಮಕ್ಕಳನ್ನು ಅವರು ಹಾರೈಸಿದ್ದರು. 1066ರ ನಾರ್ಮನ್ ವಿಜಯದ ತರುವಾಯ ಹಳೆಯ ಇಂಗ್ಲಿಷ್ ಮನೆತನಗಳಿಗೆ ಉಳಿದಿದ್ದುದು ಹಣ, ನಂಟಸ್ತಿಕೆ ಎಂಬ ಎರಡೇ ಆಸರೆ. ಹೀಗೆ ನೋಡಿದಾಗ ಮಗಳ ಗುಣಗಳೇ ಮಗಳಿಗೆ ಶತ್ರುವಾದುವು.

ಇನ್ನು ಉಡುಗೆಯ ವಿಷಯ. ಈ ಚರಿತೆಯನ್ನು ಮರಳಿ ಓದಿದವರಿಗೆ ಕಾಣುವ ಒಂದು ಸಂಗತಿಯೆಂದರೆ, ಗಂಡುಡುಗೆಯ ಪ್ರಸಂಗ ಬರುವುದಕ್ಕೆ ಮುಂಚೆಯೇ ಬಟ್ಟೆಯೆಂಬುದು ಕಥೆಯಲ್ಲಿ ಎರಡು ಸಲ ಮಹತ್ತ್ವ ಪಡೆದಿದೆ. ಹಂಟಿಂಗ್‌ಡನ್ನಿನ ವರ್ತಕಸಂಘದ ಔತಣದಲ್ಲಿ ತಾಯಿತಂದೆಗಳು ಮಗಳಿಗೆ ಪಾನೀಯ ಬಡಿಸುವ ಕೆಲಸ ಕೊಡುತ್ತಾರೆ. ಮೇಲುಹೊದಿಕೆಯನ್ನು ತೆಗೆಸಿ, ಉಡುಪನ್ನು ಪಟ್ಟಿಗಳಿಂದ ಮೈಗಂಟುವಂತೆ ಬಿಗಿಸಿ, ತೋಳುಗಳನ್ನು ಮೇಲಕ್ಕೆ ಸುರುಳಿ ಸುತ್ತಿಸಿ ಸಭೆಯ ನಡುವೆ ನಿಲ್ಲಿಸುತ್ತಾರೆ. ಹೊಗಳಿಕೆ ಕಿವಿಗೆ, ಗುಟುಕು ಗುಟುಕಾಗಿ ಮದ್ಯ ನಾಲಗೆಗೆ ಬಿದ್ದರೆ ಮನಸ್ಸು ಸಡಿಲವಾದೀತೆಂಬ ಎಣಿಕೆ. ಮತ್ತೊಂದು ಸಲ ಸಿಟ್ಟಿಗೆದ್ದ ತಂದೆ ಒಳಂಗಿಯೊಂದನ್ನುಳಿದು ಮಗಳ ಬಟ್ಟೆಗಳನ್ನೆಲ್ಲ ಕಳಚಿಸಿ, ಆಕೆಯ ವಶದಲ್ಲಿದ್ದ ಬೀಗದ ಕೈಗಳನ್ನು ಕಿತ್ತುಕೊಂಡು, ರಾತ್ರಿಯಲ್ಲಿ ಮನೆಯಿಂದ ಅಟ್ಟಲು ಹೊರಡುತ್ತಾನೆ. ಮನೆಗೆ ಬಂದಿದ್ದ ಅತಿಥಿಯೊಬ್ಬನು ಅಡ್ಡಬಂದುದರಿಂದ ಅದು ತಪ್ಪಿತು. ತೊಡಿಸುವುದೂ ಕಳಚುವುದೂ ಹೆತ್ತವರ ಹಕ್ಕಾಗಿದ್ದ ಮನೆಯಲ್ಲಿ, ಮೂರನೆಯ ಸಲ ಆಕೆ ತಾನೇ ಆರಿಸಿಕೊಂಡು ತೊಡುವ ಉಡುಗೆ ಗಂಡಸಿನದು.

ಪಲಾಯನದ ದೃಶ್ಯ ಹೀಗಿದೆ. ಎಡ್ವಿನ್ ಎಂಬ ಏಕಾಂತವಾಸಿ ಸಂನ್ಯಾಸಿ ಗುಟ್ಟಾಗಿ ಏರ್ಪಾಡು ಮಾಡಿದ್ದಾನೆ. ಕುದುರೆಯೊಡನೆ ಅವನ ಆಳು ಕಾದಿದ್ದಾನೆ. ಕ್ರಿಸ್ಟಿನಾ ಗಂಡುಬಟ್ಟೆಯನ್ನು ಅಡಗಿಸಿಟ್ಟುಕೊಂಡು, ಹಿಮ್ಮಡಿಯವರೆಗೆ ಇಳಿಬಿದ್ದ ನಿಲುವಂಗಿಯನ್ನು ಹೊದ್ದು ಹೊರಡುತ್ತಾಳೆ. ತಂಗಿ ಮಟಿಲ್ಡಾ ಬೆನ್ನಹಿಂದೆಯೇ ಬರುತ್ತಾಳೆ. ಆಗ ಗಂಡುಬಟ್ಟೆಯ ತೋಳೊಂದು ಜಾರಿ ನೆಲಕ್ಕೆ ಎಳೆಯತೊಡಗುತ್ತದೆ. ಅದೇನೆಂದು ತಂಗಿ ಕೇಳುತ್ತಾಳೆ. ಕ್ರಿಸ್ಟಿನಾ ಮುಖದಲ್ಲಿ ಏನನ್ನೂ ತೋರಗೊಡದೆ, ಇದು ತನಗೆ ಅಡ್ಡಿಯಾಗುತ್ತಿದೆ, ಮನೆಗೆ ಹೋಗುವಾಗ ತೆಗೆದುಕೊಂಡು ಹೋಗೆಂದು ಅವಳ ಕೈಗೆ ಕೊಡುತ್ತಾಳೆ. ಜೊತೆಗೆ ಒಂದು ಮುಸುಕನ್ನೂ ತಂದೆಯ ಬೀಗದ ಕೈಗಳನ್ನೂ ಕೊಟ್ಟು, ಅಪ್ಪ ಬಂದು ಪೆಟ್ಟಿಗೆ ತೆಗೆಯಬೇಕಾದರೆ ಕೈಗಳಿಲ್ಲದೆ ಬೇಸರಪಟ್ಟಾರೆಂದು ಹೇಳುತ್ತಾಳೆ.

ಈ ಕೆಲವು ವಾಕ್ಯಗಳಲ್ಲಿ ಇರುವಷ್ಟು ಕಥನಶಕ್ತಿ ಆ ಕಾಲದ ಎಷ್ಟೋ ಮಹಾಗ್ರಂಥಗಳಲ್ಲಿ ಇಲ್ಲವೆಂದು ನಾವು ಸಂಕೋಚವಿಲ್ಲದೆ ಹೇಳಬಹುದು. ವೇಷವು ಇಲ್ಲಿ ಯಾರನ್ನೂ ಮರುಳುಗೊಳಿಸಿಲ್ಲ. ತೊಡುವುದಕ್ಕೆ ಮುಂಚೆಯೇ ಜಾರಿಬಿದ್ದಿದೆ. ಪಾರುಗಾಣಿಸಿದುದು ಅಕ್ಕತಂಗಿಯರ ನಡುವಿನ ಮನೆವಾರ್ತೆಯ ಮಾತಿನ ಸಲಿಗೆ. ಹಿಂದೆ ತಂದೆ ಕಿತ್ತುಕೊಂಡಿದ್ದ ಬೀಗದ ಕೈಗಳನ್ನು ಮಗಳು ಈಗ ತಾನಾಗಿಯೇ ಹಿಂತಿರುಗಿಸುತ್ತಿದ್ದಾಳೆ. ಲೇಖಕನು ಈ ಎರಡು ಪ್ರಸಂಗಗಳನ್ನು ಹೆಣೆದು ತೋರಿಸುವ ಗೋಜಿಗೆ ಹೋಗಿಲ್ಲ. ಪ್ರಾಯಶಃ ಕ್ರಿಸ್ಟಿನಾ ಹೇಳಿದಂತೆಯೇ ಬರೆದುಕೊಂಡಿರಬೇಕು. ಸುಳ್ಳು ಹೇಳಿದ ಸಂತಳ ಬಗೆಗೆ ಅವನಿಗೆ ಮುಜುಗರವೂ ಇಲ್ಲ. ಅದು ನಮಗೆ ಹಿಡಿಸುತ್ತದೆ.

ಆಮೇಲೆ ಹುಲ್ಲುಗಾವಲಿನಲ್ಲಿ ಕುದುರೆಯ ಬಳಿ ನಿಂತಾಗ ಆಕೆ ಒಂದು ಗಳಿಗೆ ನಾಚಿ ಹಿಂಜರಿಯುತ್ತಾಳೆ. ಹೆಣ್ತನವನ್ನು ನೆನೆದು ನಿಲ್ಲುವುದೇಕೆ, ಗಂಡುಧೈರ್ಯ ತಾಳಿ ಗಂಡಸಿನಂತೆ ಏರು ಎಂದು ತನ್ನನ್ನು ತಾನೇ ಹುರಿದುಂಬಿಸಿಕೊಂಡು ಕುದುರೆಗೆ ಹಾರುತ್ತಾಳೆ. ಜೊತೆಯ ಆಳಿಗೆ ದೂರದಲ್ಲಿ ಹಿಂಬಾಲಿಸಲು ಹೇಳುತ್ತಾಳೆ. ಒಟ್ಟಿಗೆ ಸಿಕ್ಕಿಬಿದ್ದರೆ ಅವನನ್ನು ಕೊಂದುಬಿಟ್ಟಾರೆಂಬ ಭಯ. ಬೆಳಗಿನ ಸುಮಾರು ಒಂಬತ್ತು ಗಂಟೆಗೆ ಹೊರಟು ಮಧ್ಯಾಹ್ನ ಮೂರರ ಹೊತ್ತಿಗೆ, ಮೂವತ್ತು ಮೈಲಿಗೂ ಮಿಕ್ಕ ದಾರಿ ಸವೆಸಿ, ಫ್ಲಾಮ್‌ಸ್ಟೆಡ್ಡಿನಲ್ಲಿ ಆಲ್ಫ್‌ವೆನ್ ಎಂಬ ಏಕಾಂತವಾಸಿನಿಯ ಮನೆಬಾಗಿಲಿಗೆ ಬರುತ್ತಾಳೆ. ಅಂದೇ ಗಂಡುಡುಗೆ ಕಳಚುತ್ತದೆ. ಹಿಂದೆ ರೇಷ್ಮೆಯನ್ನೂ ತುಪ್ಪುಳದ ಚರ್ಮವನ್ನೂ ಉಟ್ಟಿದ್ದ ಮೈಗೆ ಒರಟು ಬಟ್ಟೆ ಬರುತ್ತದೆ. ಇದು ಸುಮಾರು 1115ರ ಸಂಗತಿ.

'ಗಂಡಸಿನಂತೆ' ಎಂಬ ಆ ಒಂದು ಮಾತನ್ನು ಹಿಡಿದು, ಸ್ತ್ರೀತ್ವವನ್ನು ದಾಟಿ ಪುರುಷತ್ವಕ್ಕೆ ಏರುವುದೇ ಇಂಥ ಚರಿತೆಗಳ ಆದರ್ಶವೆಂದು ವಾದಿಸುವುದುಂಟು. ಪೂರ್ವಪರಂಪರೆಯನ್ನು ನೋಡಿದರೆ ಈ ವಾದಕ್ಕೆ ಆಧಾರವಿಲ್ಲದೆ ಇಲ್ಲ. ಅಲೆಕ್ಸಾಂಡ್ರಿಯದ ಯೂಫ್ರಾಸಿನಾ ಮದುವೆಯಿಂದ ತಪ್ಪಿಸಿಕೊಂಡು ಸ್ಮರಗ್ದಸ್ ಎಂಬ ಹೆಸರಿನಲ್ಲಿ ಪುರುಷರ ಮಠ ಸೇರಿ, 38 ವರ್ಷ ಗಂಡಸಾಗಿಯೇ ಬಾಳಿದಳೆಂದು ಐತಿಹ್ಯ. ಮಗಳನ್ನು ಕಳೆದುಕೊಂಡ ತಂದೆ ಸಾಂತ್ವನಕ್ಕಾಗಿ ಆ 'ಸಂನ್ಯಾಸಿ'ಯ ಬಳಿಗೇ ಬರುತ್ತಾನೆ. ಸಾಯುವ ಹೊತ್ತಿಗಲ್ಲದೆ ಗುರುತು ಹತ್ತುವುದಿಲ್ಲ. ಚರ್ಚಿನ ಅಧಿಕೃತ ಮತವಾದರೋ ಬೇರೆಯೇ: 4ನೆಯ ಶತಮಾನದಲ್ಲಿ ಗಂಗ್ರಾ ಎಂಬಲ್ಲಿ ಸೇರಿದ ಸಭೆ, ತಪಸ್ಸಿನ ನೆಪದಿಂದ ಗಂಡುಡುಗೆ ತೊಡುವ ಹೆಂಗಸಿಗೆ ಶಾಪ ಹಾಕಿತ್ತು. ನಿಯಮ ಶಪಿಸಿದುದನ್ನು ಕಥೆ ಹೊಗಳಿತು. ಆದರೆ ಕ್ರಿಸ್ಟಿನಾ ಯೂಫ್ರಾಸಿನಾಳಲ್ಲ. ಆಕೆಯ ಗಂಡುವೇಷದ ಆಯುಸ್ಸು ಆರು ಗಂಟೆ. ಅದನ್ನು ತೊಡುವುದಕ್ಕೆ ನಾಚಿದಳು, ಕೆಲಸ ಮುಗಿದೊಡನೆ ಬಿಟ್ಟಳು, ಮತ್ತೆ ನೆನೆಯಲಿಲ್ಲ. ಪರಂಪರೆಯ ದೊಡ್ಡ ಸಂಕೇತವೊಂದು ಇಲ್ಲಿ ಕುದುರೆಯಷ್ಟೇ ಬೆಲೆಯ ವಾಹನವಾಗಿ ಇಳಿದಿದೆ. ಇದನ್ನು ಕಾಣದೆ ಒಂದು ಪದದ ಮೇಲೆ ತತ್ತ್ವದ ಸೌಧ ಕಟ್ಟುವುದು ಸರಿಯಾದ ಓದಲ್ಲವೆಂದು ನಮ್ಮ ಅಭಿಪ್ರಾಯ.

ನಿಜವಾದ ಮರೆ ಆಮೇಲೆ ಬರುತ್ತದೆ, ಅದಕ್ಕೆ ವೇಷ ಬೇಕಿಲ್ಲ. ಫ್ಲಾಮ್‌ಸ್ಟೆಡ್ಡಿನ ಕತ್ತಲೆ ಕೋಣೆಯೊಂದರಲ್ಲಿ ಎರಡು ವರ್ಷ. ಅನಂತರ ಮಾರ್ಕ್‌ಯೇಟಿನ ಬಳಿ ರಾಜರ್ ಎಂಬ ವೃದ್ಧ ಸಂನ್ಯಾಸಿಯ ಗುಡಿಸಲಿಗೆ ಅಂಟಿದ, ಗೇಣೂವರೆ ಅಗಲದ ಇರುಕಿನಲ್ಲಿ ನಾಲ್ಕು ವರ್ಷಕ್ಕೂ ಮೇಲೆ. ಬಾಗಿಲಿಗೆ ಅಡ್ಡವಾಗಿ ಮರದ ದಿಮ್ಮಿ. ಅದನ್ನು ಸರಿಸಲು ಆಕೆಗೆ ಸಾಧ್ಯವಿಲ್ಲ, ರಾಜರನೇ ಸಂಜೆ ಬಂದು ಸರಿಸಬೇಕು. ಕೂರಲು ಕಲ್ಲು. ಚಳಿ, ಸೆಕೆ, ಬಾಯಾರಿಕೆ. ಲೇಖಕನು ರಾಜರ್ ಆಕೆಯನ್ನು ತನ್ನ ಭಾನುವಾರದ ಮಗಳೆಂದು ಇಂಗ್ಲಿಷಿನಲ್ಲಿ ಕರೆಯುತ್ತಿದ್ದುದನ್ನು ಆ ಭಾಷೆಯಲ್ಲೇ ಉಳಿಸಿದ್ದಾನೆ. ಲ್ಯಾಟಿನ್ ಗದ್ಯದ ನಡುವೆ ಆ ದೇಶೀಯ ನುಡಿ ಥಟ್ಟನೆ ಕೇಳಿಬರುವಾಗ ಹಿತವಾಗುತ್ತದೆ. ಆದರೆ ಇದೇ ರಾಜರ್ ಮೊದಲು ಎಡ್ವಿನ್ನನನ್ನು ಬೈದು ಅಟ್ಟಿದ್ದನು. ಕಾರಣ: ಆಕೆ ಮತ್ತೊಬ್ಬನ ಹೆಂಡತಿ, ಮದುವೆಗಳನ್ನು ಒಡೆಯುವುದು ತನ್ನ ಕೆಲಸವಲ್ಲ. ಬರ್ತ್‌ರೆಡ್ ಹುಡುಕುತ್ತ ಬಂದಾಗ ಆಲ್ಫ್‌ವೆನ್ನಳೂ, ಗಂಡಂದಿರನ್ನು ಬಿಟ್ಟೋಡಿದ ಹೆಂಡಿರಿಗೆ ಇಲ್ಲಿ ಎಡೆಯಿಲ್ಲವೆಂಬ ಮಾತನ್ನೇ ಗುರಾಣಿಯಾಗಿ ಹಿಡಿದಳು.

ಇಲ್ಲಿ ಕನ್ನಡದ ಓದುಗರಿಗೆ ಅಕ್ಕಮಹಾದೇವಿಯ ನೆನಪು ಬಾರದೆ ಇರದು. ಶತಮಾನ ಒಂದೇ, ಒಬ್ಬರ ಸುದ್ದಿ ಇನ್ನೊಬ್ಬರ ನಾಡಿಗೆ ತಲಪುವ ಮಾತಂತೂ ಇಲ್ಲ. ಸಾಮ್ಯವನ್ನು ಎಳೆದುತಂದು ತೋರಿಸುವುದು ನಮ್ಮ ಉದ್ದೇಶವಲ್ಲ. ಭೇದವೇ ಹೆಚ್ಚು ಬೋಧಪ್ರದವಾದುದು. ಒಬ್ಬಳು ಕಣ್ಣಿಗೆ ಬೀಳದಿರಲು ಉಡುಗೆಯ ಮೇಲೆ ಉಡುಗೆ ತೊಟ್ಟಳು. ಇನ್ನೊಬ್ಬಳು ಉಡುಗೆಯನ್ನೇ ಬಿಟ್ಟು ಕೇಶದ ಮರೆಯಲ್ಲಿ ಹಗಲುಬೆಳಕಿನಲ್ಲಿ ನಡೆದಳು. ಆದರೂ ಇಬ್ಬರ ಆಶ್ರಯದ ಬಾಗಿಲಲ್ಲೂ ಒಂದೇ ಪ್ರಶ್ನೆ ಕಾದಿತ್ತು: ನೀನು ಯಾರ ಹೆಂಡತಿ? 'ಶೂನ್ಯಸಂಪಾದನೆ'ಯಲ್ಲಿ ಅಲ್ಲಮಪ್ರಭು ಮಹಾದೇವಿಯನ್ನು ಆಕೆಯ ಪತಿ ಯಾರೆಂದು ಕೇಳುತ್ತಾನೆ, ಬಟ್ಟೆ ಬಿಟ್ಟವಳಿಗೆ ಕೂದಲಿನ ಮರೆ ಏಕೆಂದು ಕೇಳುತ್ತಾನೆ. ಮಹಾದೇವಿ ತಾನೇ ಉತ್ತರ ಕೊಡುತ್ತಾಳೆ. ಕ್ರಿಸ್ಟಿನಾಳ ವಿಷಯದಲ್ಲಿ ಎಡ್ವಿನ್ನನು ಕ್ಯಾಂಟರ್‌ಬರಿಯ ಪ್ರಧಾನ ಬಿಷಪ್ಪನವರೆಗೂ ಹೋಗಿ ಉತ್ತರ ತರಬೇಕಾಯಿತು.

ನಮ್ಮ ಕವಿಗಳೂ ಆ ಲ್ಯಾಟಿನ್ ಲೇಖಕನ ತೊಡಕನ್ನೇ ಎದುರಿಸಿದವರು. ಹರಿಹರನ ರಗಳೆಯಲ್ಲಿ ಮಹಾದೇವಿಗೂ ಕೌಶಿಕನಿಗೂ ಮದುವೆ ನಡೆಯುತ್ತದೆ, ನಿಬಂಧನೆಗಳ ಮೇಲೆ. ಅವು ಮುರಿದಾಗ ಆಕೆ ಹೊರಡುತ್ತಾಳೆ. 15ನೆಯ ಶತಮಾನದ ಚಾಮರಸನು 'ಪ್ರಭುಲಿಂಗಲೀಲೆ'ಯಲ್ಲಿ ಮದುವೆಯನ್ನೇ ಒಪ್ಪುವುದಿಲ್ಲ. ಮದುವೆ ಆಯಿತೇ ಇಲ್ಲವೇ ಎಂದು ನಮ್ಮ ವಿದ್ವಾಂಸರು ದಶಕಗಳ ಕಾಲ ಚರ್ಚಿಸಿದ್ದಾರೆ. ಆ ಚರ್ಚೆಯಲ್ಲಿ ಕಡೆಗಣಿಸಲ್ಪಟ್ಟಿರುವ ಅಂಶವೊಂದಿದೆಯೆಂದು ನಮಗೆ ತೋರುತ್ತದೆ: ಮದುವೆ ಆಗಿದ್ದರೆ ಮಹಿಮೆಗೆ ಕುಂದು ಎಂಬ ಗ್ರಹಿಕೆ ಕವಿಗಳದೋ, ವಿಮರ್ಶಕರದೋ? ಹರಿಹರನಿಗೆ ಆ ಭಯ ಇದ್ದಂತೆ ಕಾಣದು. ಸೇಂಟ್ ಆಲ್ಬನ್ಸಿನ ಸಂನ್ಯಾಸಿಗೂ ಇರಲಿಲ್ಲ. ಬಲವಂತಕ್ಕೆ ಸೋತು ಹೇಳಿದ ಮಾತನ್ನು ಬರೆದಿಟ್ಟೂ ಆಕೆಯನ್ನು ಕನ್ಯೆಯೆಂದೇ ಕರೆಯುವ ಧೈರ್ಯ ಅವನದು.

ಚರಿತೆಯಲ್ಲಿ ದೋಷಗಳಿವೆ. ದರ್ಶನಗಳೂ ಸ್ವಪ್ನಗಳೂ ಉತ್ತರಭಾಗದಲ್ಲಿ ಒಂದರ ಮೇಲೊಂದು ಬಿದ್ದು ಕಥೆಯ ಓಟ ಕುಂಠಿತವಾಗುತ್ತದೆ. ಮಠಾಧಿಪತಿ ಜೆಫ್ರಿಯ ಕಾರ್ಯಕಲಾಪಗಳು ನಾಯಿಕೆಯನ್ನು ಹಿಂದೆ ಸರಿಸಿಬಿಡುತ್ತವೆ. ಬರ್ತ್‌ರೆಡ್ಡನ ಪಾತ್ರವನ್ನು ಇನ್ನಷ್ಟು ಬೆಳೆಸಬಹುದಾಗಿತ್ತು. ಸಿಸಿಲಿಯಾಳ ಕಥೆಯನ್ನು ರಾತ್ರಿಯೆಲ್ಲ ಕೇಳಿ ಬರಿಗೈಯಲ್ಲಿ ಹಿಂದಿರುಗಿ, ಗೆಳೆಯರಿಂದ ಅಪಹಾಸ್ಯಕ್ಕೆ ಗುರಿಯಾದ ಈ ತರುಣ ಕಡೆಗೆ ತಾನಾಗಿಯೇ ರಾಜರನ ಬಳಿಗೆ ಬಂದು ಆಕೆಯನ್ನು ಬಿಟ್ಟುಕೊಡುತ್ತಾನೆ. ಅನಂತರ ಯಾರ್ಕಿನ ಪ್ರಧಾನ ಬಿಷಪ್ ಥರ್ಸ್ಟನ್ನನು ಮದುವೆಯನ್ನು ರದ್ದುಗೊಳಿಸುತ್ತಾನೆ. ಅವನ ಮನಸ್ಸಿನಲ್ಲಿ ಏನು ನಡೆದಿತ್ತೆಂಬುದನ್ನು ಲೇಖಕನು ವಿಚಾರಿಸುವುದಿಲ್ಲ.

ಈ ಕೊರತೆ ಎದ್ದುಕಾಣುವುದು ಇನ್ನೊಂದು ಕೃತಿಯ ಪಕ್ಕದಲ್ಲಿ ಇಟ್ಟಾಗ. ಸೇಂಟ್ ಆಲ್ಬನ್ಸಿನಲ್ಲಿ ಸಿದ್ಧವಾಗಿ ಈಗ ಜರ್ಮನಿಯ ಹಿಲ್ಡೆಸ್‌ಹೈಮಿನಲ್ಲಿರುವ ಚಿತ್ರಿತ ಕೀರ್ತನಗ್ರಂಥವೊಂದಿದೆ. ಅದು ಕ್ರಿಸ್ಟಿನಾಳಿಗೆ ಸಂಬಂಧಿಸಿದುದೆಂದು ಅನೇಕ ವಿದ್ವಾಂಸರ ಮತ. ಆ ಸಂಬಂಧ ಎಷ್ಟರಮಟ್ಟಿನದೆಂಬ ಬಗೆಗೆ ಭಿನ್ನಾಭಿಪ್ರಾಯವುಂಟು. ಅದರಲ್ಲಿ ಹಳೆಯ ಫ್ರೆಂಚ್ ಭಾಷೆಯ ಸಂತ ಅಲೆಕ್ಸಿಸನ ಕಾವ್ಯ ಸೇರಿದೆ. ಹೆತ್ತವರು ಮಾಡಿದ ಮದುವೆಯ ರಾತ್ರಿಯೇ ಓಡಿಹೋಗಿ, 17 ವರ್ಷ ಪರದೇಶದಲ್ಲಿ ಬಾಳಿ, ಮರಳಿ ಬಂದು ಮತ್ತೆ 17 ವರ್ಷ ಗುರುತು ಸಿಗದ ಭಿಕ್ಷುಕನಾಗಿ ತಂದೆಯ ಮನೆಯ ಮೆಟ್ಟಿಲಡಿಯಲ್ಲಿಯೇ ಬಿದ್ದಿದ್ದವನು ಆತ. ಕಾವ್ಯಕ್ಕೆ ಮುನ್ನ ಬರುವ ಚಿತ್ರದಲ್ಲಿ ಒಂದು ಕಡೆ ಅಲೆಕ್ಸಿಸ್ ದೋಣಿ ಹತ್ತುತ್ತಿದ್ದಾನೆ. ನಡುವೆ, ಬಾಗಿಲಲ್ಲಿ, ಆತ ಬಿಟ್ಟುಹೋದ ವಧು ಒಬ್ಬಳೇ ನಿಂತಿದ್ದಾಳೆ. ಚಿತ್ರಕಾರನು ಆಕೆಗೆ ಪುಟದ ನಡುವಣ ಸ್ಥಾನವನ್ನೇ ಕೊಟ್ಟಿದ್ದಾನೆ.